ಫೋನ್ ಬ್ರಿಕ್ ಆಯ್ತು: ಒಂದು ಇಂಗ್ಲಿಷ್ ಪದದ ಆರುನೂರು ವರ್ಷದ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಎಪಿಸೋಡ್ ಶುರುವಾಗೋದು ನನ್ನ ಸತ್ತ ಫೋನ್‌ನಿಂದ.

ಹೋದ ತಿಂಗಳು ರಾತ್ರಿ ಮಲಗೋ ಮುಂಚೆ ಫೋನನ್ನ ಅಪ್‌ಡೇಟ್‌ಗೆ ಹಾಕಿ ಚಾರ್ಜರ್‌ಗೆ ಚುಚ್ಚಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಕಪ್ಪು ಸ್ಕ್ರೀನ್. ಪವರ್ ಬಟನ್ ಒತ್ತಿದೆ, ವಾಲ್ಯೂಮ್ ಬಟನ್ ಸೇರಿಸಿ ಒತ್ತಿದೆ, ಯೂಟ್ಯೂಬ್‌ನಲ್ಲಿ ಹೇಳಿದ್ದನ್ನೆಲ್ಲಾ ಮಾಡಿದೆ. ಏನೂ ಇಲ್ಲ. ಮನೆ ಹತ್ತಿರದ ರಿಪೇರಿ ಅಂಗಡಿಗೆ ತಗೊಂಡು ಹೋದೆ. ಅಲ್ಲಿನ ಹುಡುಗ ಕೇಬಲ್ ಹಾಕಿ ಹತ್ತು ನಿಮಿಷ ನೋಡಿ, ಡಾಕ್ಟರ್ ಥರ ತಲೆ ಅಲ್ಲಾಡಿಸಿ ಹೇಳಿದ: "ಅಣ್ಣಾ, ಇದು ಬ್ರಿಕ್ ಆಗ್ಬಿಟ್ಟಿದೆ."

ಆ ಅಂಗಡಿ ಎದುರುಗಡೆ ಒಂದು ಕಟ್ಟಡ ಏಳ್ತಾ ಇತ್ತು. ಒಬ್ಬ ಅಕ್ಕ ತಲೆ ಮೇಲೆ ಸಿಂಬೆ ಇಟ್ಕೊಂಡು, ಅದರ ಮೇಲೆ ಇಟ್ಟಿಗೆ ಜೋಡಿಸ್ಕೊಂಡು ಮೆಟ್ಟಿಲು ಹತ್ತುತಾ ಇದ್ರು. ನನ್ನ ಕೈಯಲ್ಲಿ ಒಂದು ಬ್ರಿಕ್, ಅವರ ತಲೆ ಮೇಲೆ ಎಂಟು. ಇಲ್ಲಿ ಆ ಪದಕ್ಕೆ 'ಕೆಲಸಕ್ಕೆ ಬಾರದ್ದು' ಅಂತ ಅರ್ಥ, ರಸ್ತೆಯ ಆ ಕಡೆ ಅದರಿಂದಲೇ ಮನೆ ಏಳ್ತಾ ಇದೆ. ಇದು ಹೇಗಾಯ್ತು ಅಂತ ತಲೆಗೆ ಹುಳ ಬಿಟ್ಕೊಂಡೆ. ಆ ಹುಳವೇ ಇವತ್ತಿನ ಎಪಿಸೋಡ್.

ಇಂಗ್ಲಿಷಿನ 'ಬ್ರಿಕ್' ಅನ್ನೋ ಪುಟ್ಟ ಪದ ಹೊಗಳಿಕೆ ಆಗಿದೆ, ಬೈಗುಳ ಆಗಿದೆ, ಮೋಸ ಆಗಿದೆ, ಯೂನಿವರ್ಸಿಟಿ ಆಗಿದೆ, ದೇಶಗಳ ಒಕ್ಕೂಟವೂ ಆಗಿದೆ. ಒಂದೊಂದನ್ನೂ ಬಿಚ್ಚಿ ನೋಡೋಣ. ನೋಡ್ತಾ ಹೋಗೋವಾಗ ಒಂದು ಪ್ರಶ್ನೆ ಮನಸ್ಸಲ್ಲಿ ಇಟ್ಕೊಂಡಿರಿ: ಇಷ್ಟೆಲ್ಲಾ ಮಾತುಗಳಲ್ಲಿ ಇಟ್ಟಿಗೆ ಮಾಡಿದ ಮನುಷ್ಯ ಎಲ್ಲಿದ್ದಾನೆ?

ಇಂಗ್ಲೆಂಡ್ ಇಟ್ಟಿಗೆ ಮರೆತಿದ್ದ ಕಾಲ

ಇಂಗ್ಲೆಂಡ್ ಅಂದ್ರೆ ನಮ್ಮ ಕಣ್ಣಿಗೆ ಬರೋದೇ ಕೆಂಪು ಇಟ್ಟಿಗೆಯ ಮನೆಗಳ ಸಾಲು. ಆದ್ರೆ ಅಲ್ಲಿ ಶತಮಾನಗಟ್ಟಲೆ ಇಟ್ಟಿಗೆ ಸುಡೋ ಕೆಲಸ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ರೋಮನ್ನರು ಬ್ರಿಟನ್ ಆಳುವಾಗ ಇಟ್ಟಿಗೆ ಸುಡ್ತಿದ್ರು. 5ನೇ ಶತಮಾನದಲ್ಲಿ ಅವರ ಆಳ್ವಿಕೆ ಮುಗೀತು, ಅವರ ಜೊತೆ ಆ ಕಸುಬೂ ಹೋಯ್ತು. ಆಮೇಲಿನವರು ಮರ, ಮಣ್ಣು, ಕಲ್ಲಲ್ಲಿ ಕಟ್ಟಿದ್ರು. ಇಟ್ಟಿಗೆ ಬೇಕಾದ್ರೆ ಹಾಳುಬಿದ್ದ ರೋಮನ್ ಕಟ್ಟಡಗಳಿಂದ ಕಿತ್ತುಕೊಂಡು ಬರ್ತಿದ್ರು. ಸೇಂಟ್ ಆಲ್ಬನ್ಸ್ ಅನ್ನೋ ಊರಿನ ದೊಡ್ಡ ಚರ್ಚಿನ ಗೋಪುರ ಕಟ್ಟಿದ್ದು 11ನೇ ಶತಮಾನದಲ್ಲಿ. ಅದರ ಇಟ್ಟಿಗೆಗಳು ಪಕ್ಕದ ಹಳೇ ರೋಮನ್ ಊರಿನವು. ಸೆಕೆಂಡ್ ಹ್ಯಾಂಡ್ ಮಾಲು!

ವಸ್ತು ಇಲ್ಲದ ಮೇಲೆ ಪದವೂ ಇಲ್ಲ. ಹಳೇ ಇಂಗ್ಲಿಷಲ್ಲಿ ಹೆಂಚಿಗೂ ಇಟ್ಟಿಗೆಗೂ ಒಂದೇ ಪದ ನಡೀತಿತ್ತು. ಇವತ್ತಿನ 'ಟೈಲ್' ಪದದ ಪೂರ್ವಜ ಅದು, ಲ್ಯಾಟಿನ್‌ನಿಂದ ಬಂದದ್ದು. ಆಮೇಲೆ ಸಮುದ್ರದ ಆಚೆಯ ಫ್ಲಾಂಡರ್ಸ್‌ನಿಂದ, ಅಂದ್ರೆ ಈಗಿನ ಬೆಲ್ಜಿಯಂ ಕಡೆಯಿಂದ, ಹಡಗಲ್ಲಿ ಇಟ್ಟಿಗೆ ಬರೋಕೆ ಶುರುವಾಯ್ತು. 1278ರಲ್ಲಿ ಲಂಡನ್ ಟವರ್ ಕೆಲಸಕ್ಕೆ ಅಲ್ಲಿಂದ 2 ಲಕ್ಷಕ್ಕೂ ಹೆಚ್ಚು ಇಟ್ಟಿಗೆ ತರಿಸಿದ್ದರ ಲೆಕ್ಕ ಇದೆ. ಮಾಲು ಬಂತು, ಮಾಡೋರು ಬಂದ್ರು, ಕೊನೆಗೆ ಹೆಸರೂ ಬಂತು. 15ನೇ ಶತಮಾನದಲ್ಲಿ ಡಚ್ ಮತ್ತು ಫ್ರೆಂಚ್ ದಾರಿಯಲ್ಲಿ 'ಬ್ರಿಕ್' ಇಂಗ್ಲಿಷಿಗೆ ಇಳೀತು. ಮುರಿ ಅನ್ನೋ ಅರ್ಥದ 'ಬ್ರೇಕ್' ಪದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ ಅಂತ ಭಾಷಾಶಾಸ್ತ್ರಜ್ಞರು ಹೇಳ್ತಾರೆ. ಅಂದ್ರೆ ಮೂಲದಲ್ಲಿ ಬ್ರಿಕ್ ಅಂದ್ರೆ ಒಂದು ತುಂಡು, ಒಂದು ಚೂರು.

ನಮ್ಮ 'ಇಟ್ಟಿಗೆ' ಇದಕ್ಕಿಂತ ತುಂಬಾ ಹಳೇ ಮನೆತನದ್ದು. ಸಂಸ್ಕೃತದ 'ಇಷ್ಟಕಾ' ಪ್ರಾಕೃತದಲ್ಲಿ ಸವೆದು ಕನ್ನಡಕ್ಕೆ ಇಟ್ಟಿಗೆ ಆಗಿ, ಹಿಂದಿಗೆ 'ಈಂಟ್' ಆಗಿ, ಮರಾಠಿಗೆ 'ವೀಟ್' ಆಗಿ ಬಂತು. ವೇದಕಾಲದಲ್ಲಿ ಈ ಇಷ್ಟಕ ಅಂದ್ರೆ ಮುಖ್ಯವಾಗಿ ಯಜ್ಞವೇದಿಕೆ ಕಟ್ಟೋ ಇಟ್ಟಿಗೆ. ಹದ್ದಿನ ಆಕಾರದ ವೇದಿಕೆಗೆ ಎಷ್ಟು ಇಟ್ಟಿಗೆ, ಯಾವ ಅಳತೆ ಅಂತ ಶುಲ್ಬಸೂತ್ರಗಳು ರೇಖಾಗಣಿತ ಹಾಕಿ ಹೇಳ್ತವೆ. ಪಂಢರಪುರದ ವಿಠಲ ಸೊಂಟದ ಮೇಲೆ ಕೈಯಿಟ್ಟು ನಿಂತಿರೋದೂ ಇಟ್ಟಿಗೆ ಮೇಲೇ. ಅಪ್ಪ ಅಮ್ಮನ ಸೇವೆಯಲ್ಲಿದ್ದ ಪುಂಡಲೀಕ, ಸ್ವಲ್ಪ ನಿಲ್ಲು ಸ್ವಾಮಿ ಅಂತ ದೇವರ ಕಡೆ ಒಂದು ಇಟ್ಟಿಗೆ ಎಸೆದ ಅನ್ನೋ ಕತೆ ನಿಮಗೆ ಗೊತ್ತೇ ಇರುತ್ತೆ. ಅಂದ್ರೆ ನಮ್ಮಲ್ಲಿ ಇಟ್ಟಿಗೆ ದೇವರು ಕಾಯೋ ಜಾಗ. ಇಂಗ್ಲಿಷಲ್ಲಿ ಅದು ಬೇರೆ ದಾರಿ ಹಿಡೀತು. ಮಾರ್ಕೆಟ್ ದಾರಿ.

ಸಾವಿರಕ್ಕೆ ಎಷ್ಟು?

1666ರ ಸೆಪ್ಟೆಂಬರ್ 2. ಲಂಡನ್ನಿನ ಪುಡ್ಡಿಂಗ್ ಲೇನ್ ಅನ್ನೋ ಗಲ್ಲಿಯ ಬೇಕರಿಯಲ್ಲಿ ಬೆಂಕಿ ಹತ್ತಿಕೊಳ್ತು. ಮರದ ಮನೆಗಳು, ಒಣ ಹವೆ, ಜೋರು ಗಾಳಿ. ನಾಲ್ಕೇ ದಿನದಲ್ಲಿ ಸುಮಾರು 13,200 ಮನೆ ಬೂದಿ. ಮುಂದಿನ ವರ್ಷವೇ ಕಾನೂನು ಬಂತು: ಇನ್ಮೇಲೆ ಸಿಟಿಯಲ್ಲಿ ಹೊರಗೋಡೆ ಇಟ್ಟಿಗೆ ಅಥವಾ ಕಲ್ಲಿಂದೇ ಆಗಬೇಕು. ರಾತ್ರೋರಾತ್ರಿ ಇಟ್ಟಿಗೆಗೆ ಡಿಮ್ಯಾಂಡ್. ಇವತ್ತು ಬಾಂಗ್ಲಾದೇಶಿ ಹೋಟೆಲುಗಳಿಗೆ ಫೇಮಸ್ ಆಗಿರೋ ಲಂಡನ್ನಿನ ಬ್ರಿಕ್ ಲೇನ್‌ಗೆ ಆ ಹೆಸರು ಬಂದಿದ್ದೂ ಒಂದು ಕಾಲದಲ್ಲಿ ಅಲ್ಲಿ ಇಟ್ಟಿಗೆ, ಹೆಂಚು ಮಾಡ್ತಿದ್ದರಿಂದ.

ಡಿಮ್ಯಾಂಡ್ ಇದ್ದ ಕಡೆ ಟ್ಯಾಕ್ಸ್ ಬರದೇ ಇರುತ್ತಾ? ನಾನು ಬಿಕಾಂ ಓದಿದವನು, ಈ ಭಾಗ ಸ್ವಲ್ಪ ಇಷ್ಟಪಟ್ಟೇ ಹೇಳ್ತೀನಿ, ಸಹಿಸ್ಕೊಳ್ಳಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೋತು ಬ್ರಿಟನ್ ಖಜಾನೆ ಖಾಲಿಯಾಗಿತ್ತು. 1784ರಲ್ಲಿ ಇಟ್ಟಿಗೆ ಮೇಲೆ ತೆರಿಗೆ ಹಾಕಿದ್ರು, ಸಾವಿರ ಇಟ್ಟಿಗೆಗೆ ಎರಡೂವರೆ ಶಿಲ್ಲಿಂಗ್. ಗಮನಿಸಿ, ತೆರಿಗೆ ತೂಕಕ್ಕಲ್ಲ, ಸಂಖ್ಯೆಗೆ. ಲೆಕ್ಕ ಬಲ್ಲವನಿಗೆ ಅಷ್ಟು ಸಾಕಲ್ವಾ? ಇಟ್ಟಿಗೆ ದೊಡ್ಡದು ಮಾಡಿದ್ರೆ ಸಂಖ್ಯೆ ಕಮ್ಮಿ, ಸಂಖ್ಯೆ ಕಮ್ಮಿ ಆದ್ರೆ ತೆರಿಗೆ ಕಮ್ಮಿ. ಜೋಸೆಫ್ ವಿಲ್ಕ್ಸ್ ಅನ್ನೋ ಉದ್ಯಮಿ ಲೆಸ್ಟರ್‌ಶೈರ್‌ನ ಮೀಶಮ್ ಊರಲ್ಲಿ ಹೆಚ್ಚುಕಮ್ಮಿ ಡಬಲ್ ಸೈಜಿನ ಇಟ್ಟಿಗೆ ಮಾಡಿಸಿದ. ಜನ ಅದಕ್ಕೆ 'ಗಾಬ್' ಅಂತ ಅಡ್ಡಹೆಸರಿಟ್ರು. ಆ ಊರ ಕಡೆ ಆ ದಪ್ಪ ಇಟ್ಟಿಗೆಯ ಗೋಡೆಗಳು ಈಗಲೂ ಇವೆ. ಸರ್ಕಾರ ಸುಮ್ನಿರುತ್ತಾ? 1803ರಲ್ಲಿ ದೊಡ್ಡ ಇಟ್ಟಿಗೆಗೆ ಡಬಲ್ ತೆರಿಗೆ ಹಾಕ್ತು. ಈ ಕಳ್ಳ ಪೊಲೀಸ್ ಆಟ 1850ರಲ್ಲಿ ತೆರಿಗೆ ರದ್ದಾಗೋವರೆಗೂ ನಡೀತು.

ಈ ಕತೆಯಲ್ಲಿ ಒಂದು ಪದ ನೆನಪಿಟ್ಕೊಳ್ಳಿ: ಸಾವಿರ. ಇಟ್ಟಿಗೆ ಮಾರಾಟ ಸಾವಿರದ ಲೆಕ್ಕ. ತೆರಿಗೆ ಸಾವಿರದ ಲೆಕ್ಕ. ಮಾಡೋನಿಗೆ ಕೂಲಿಯೂ ಸಾವಿರದ ಲೆಕ್ಕ. ನಮ್ಮಲ್ಲೂ ಹಾಗೇ. ಮಾಲೂರು ಕಡೆ ಹೋಗಿ ಇಟ್ಟಿಗೆ ರೇಟ್ ಕೇಳಿ, 'ಸಾವಿರಕ್ಕೆ ಇಷ್ಟು' ಅಂತಲೇ ಹೇಳ್ತಾರೆ. ಈ ಸಾವಿರ ಆಮೇಲೆ ಮತ್ತೆ ಬರುತ್ತೆ.

ತಲೆ ಮೇಲೆ ಬಿದ್ದ ಇಟ್ಟಿಗೆ

ಈಗ ನುಡಿಗಟ್ಟುಗಳಿಗೆ ಬರೋಣ. ಮೊದಲನೇ ಗುಂಪು ಇಟ್ಟಿಗೆಯ ಭಾರದಿಂದ ಹುಟ್ಟಿದ್ದು.

'ಲೈಕ್ ಎ ಟನ್ ಆಫ್ ಬ್ರಿಕ್ಸ್' ಕೇಳಿರ್ತೀರಿ. ಬ್ರೇಕಪ್ ಸುದ್ದಿ ಟನ್ ಇಟ್ಟಿಗೆ ಥರ ಬಂದು ಬಡೀತು, ಬಾಸ್ ಟನ್ ಇಟ್ಟಿಗೆ ಥರ ಮೇಲೆ ಬಿದ್ರು, ಹೀಗೆ. ಇದು 19ನೇ ಶತಮಾನದ ಅಮೆರಿಕದ್ದು. ಮೊದಮೊದಲು ಅಲ್ಲಿ 'ಟನ್' ಇರಲಿಲ್ಲ, 'ಸಾವಿರ ಇಟ್ಟಿಗೆ ಬಿದ್ದ ಹಾಗೆ' ಅಂತಿದ್ರು. ಮತ್ತೆ ಅದೇ ಸಾವಿರ. ಒಂದು ಇಟ್ಟಿಗೆ ಸುಮಾರು 3 ಕೆ.ಜಿ. ಅಂತ ಇಟ್ಕೊಂಡ್ರೆ ಸಾವಿರಕ್ಕೆ 3 ಟನ್. ಅಂದ್ರೆ ಇವತ್ತಿನವರ ಮೇಲೆ ಬೀಳೋ ಇಟ್ಟಿಗೆ ಆಗಿನವರಿಗೆ ಹೋಲಿಸಿದ್ರೆ ಮೂರರಲ್ಲಿ ಒಂದು ಭಾಗ ಅಷ್ಟೇ!

'ಡ್ರಾಪ್ ಎ ಬ್ರಿಕ್' ಅನ್ನೋದು ಬ್ರಿಟಿಷರದ್ದು. ನಾಲ್ಕು ಜನರ ಮುಂದೆ ಆಡಬಾರದ ಮಾತಾಡಿ ಎಡವಟ್ಟು ಮಾಡ್ಕೊಳ್ಳೋದು. ಡಿವೋರ್ಸ್ ಆದವರ ಹತ್ರ "ಯಜಮಾನ್ರು ಬಂದಿಲ್ವಾ?" ಅಂತ ಕೇಳ್ತೀವಲ್ಲ, ಅದು.

'ಟಾಕಿಂಗ್ ಟು ಎ ಬ್ರಿಕ್ ವಾಲ್', ಇಟ್ಟಿಗೆ ಗೋಡೆ ಜೊತೆ ಮಾತಾಡಿದ ಹಾಗೆ. ಇದಕ್ಕೆ ನಮ್ಮಲ್ಲಿ ಇನ್ನೂ ಜೀವಂತವಾದ ಮಾತಿದೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಇಂಗ್ಲಿಷರು ಗೋಡೆಗೆ ಮಾತಾಡಿದ್ರು, ನಾವು ಪಾಪ ಕೋಣಕ್ಕೆ ಸಂಗೀತವನ್ನೇ ಕೇಳಿಸಿದ್ವಿ.

ಆಮೇಲೆ 'ಬ್ರಿಕ್‌ಬ್ಯಾಟ್'. ನಮ್ಮ ಇಂಗ್ಲಿಷ್ ಪತ್ರಿಕೆಗಳಿಗೆ 'ಬೊಕೆ ಅಂಡ್ ಬ್ರಿಕ್‌ಬ್ಯಾಟ್' ಅಂದ್ರೆ ಪ್ರೀತಿ. ಹೊಗಳಿದ್ರೆ ಹೂಗುಚ್ಛ, ತೆಗಳಿದ್ರೆ ಬ್ರಿಕ್‌ಬ್ಯಾಟ್. ಇಲ್ಲಿ ಬ್ಯಾಟ್ ಅಂದ್ರೆ ಕ್ರಿಕೆಟ್ ಬ್ಯಾಟ್ ಅಲ್ಲ, ತುಂಡು. ಅರ್ಧ ಇಟ್ಟಿಗೆ. ಗಲಾಟೆಯಲ್ಲಿ ಕೈಗೆ ಸುಲಭಕ್ಕೆ ಸಿಗೋ, ಎಸೆಯೋಕೆ ಸರಿಯಾದ ತೂಕದ ವಸ್ತು. 16ನೇ ಶತಮಾನದಿಂದಲೇ ಈ ಪದ ಇದೆ. ಮೊದಲು ನಿಜವಾದ ಇಟ್ಟಿಗೆ ಚೂರು ಎಸೆದ್ರು, ಆಮೇಲೆ ಮಾತಿನ ಚೂರು. ಸಿವಿಲ್ ಡಿಪ್ಲೊಮಾ ಮಾಡಿದವರಿಗೆ ಇದರ ಅಸಲಿ ಅರ್ಥ ಇನ್ನೂ ಗೊತ್ತು. ತಾರಸಿ ನೀರು ಸೋರಬಾರದು ಅಂತ ಇಟ್ಟಿಗೆ ಚೂರು ಹರಡಿ ಮೇಲೆ ಗಾರೆ ಎಳೀತಾರಲ್ಲ, ಅದನ್ನ ಗುತ್ತಿಗೆದಾರರು ಇವತ್ತಿಗೂ 'ಬ್ರಿಕ್‌ಬ್ಯಾಟ್ ಕೋಬಾ' ಅಂತಲೇ ಕರೆಯೋದು. ಪತ್ರಿಕೆಯಲ್ಲಿ ಬೈಗುಳ ಆದದ್ದು ನಮ್ಮ ತಾರಸಿ ಮೇಲೆ ಮಳೆ ತಡೀತಾ ಇದೆ.

ಮನುಷ್ಯನೇ ಇಟ್ಟಿಗೆ

ಎರಡನೇ ಗುಂಪು ನನಗೆ ಹೆಚ್ಚು ಇಷ್ಟ. ಇಲ್ಲಿ ಇಟ್ಟಿಗೆ ಅಂದ್ರೆ ಮನುಷ್ಯ.

19ನೇ ಶತಮಾನದ ಮೊದಲರ್ಧದಲ್ಲಿ ಬ್ರಿಟನ್ನಲ್ಲಿ ಒಬ್ಬರನ್ನ 'ಯು ಆರ್ ಎ ಬ್ರಿಕ್' ಅಂದ್ರೆ ದೊಡ್ಡ ಹೊಗಳಿಕೆ. ನಂಬಬಹುದಾದವನು, ಕಷ್ಟಕ್ಕೆ ಆಗೋನು, ಅಲ್ಲಾಡದೇ ನಿಲ್ಲೋನು. ಬ್ರಿಟಿಷ್ ಹಿರಿಯರ ಬಾಯಲ್ಲಿ ಇದು ಈಗಲೂ ಇದೆ.

ಇದರ ಹಿಂದೆ ಒಂದು ಗ್ರೀಕ್ ಕತೆ ಹೇಳ್ತಾರೆ. ಸ್ಪಾರ್ಟಾ ಊರಿಗೆ ಕೋಟೆಗೋಡೆ ಇರಲಿಲ್ಲ. ಇದೇನು, ಗೋಡೆ ಎಲ್ಲಿ ಅಂತ ಹೊರಗಿನವನು ಕೇಳ್ದಾಗ ರಾಜ ತನ್ನ ಸೈನಿಕರ ಸಾಲು ತೋರಿಸಿ, ಇದೇ ನಮ್ಮ ಗೋಡೆ, ಒಬ್ಬೊಬ್ಬನೂ ಒಂದೊಂದು ಇಟ್ಟಿಗೆ ಅಂದನಂತೆ. ಮನುಷ್ಯರ ಗೋಡೆಯೇ ಊರಿಗೆ ನಿಜವಾದ ರಕ್ಷಣೆ ಅನ್ನೋ ಮಾತು ಪ್ಲೂಟಾರ್ಕ್ ಬರೆದ ಸ್ಪಾರ್ಟಾದ ಕತೆಯಲ್ಲಿ ಇದೆ. ಆದ್ರೆ ಇಂಗ್ಲಿಷ್ ಹೊಗಳಿಕೆ ನೇರ ಅಲ್ಲಿಂದಲೇ ಬಂತು ಅನ್ನೋದು ಆಮೇಲೆ ಅಂಟಿಸಿದ ಕತೆ. ವಾಟ್ಸ್ಆ್ಯಪ್ ಇಲ್ಲದ ಕಾಲದ ಫಾರ್ವರ್ಡ್ ಅನ್ಕೊಳ್ಳಿ. ಇಟ್ಟಿಗೆ ಗಟ್ಟಿ, ಚೌಕ, ನೆಟ್ಟಗೆ ಕೂರುತ್ತೆ. ಹೊಗಳಿಕೆಗೆ ಅಷ್ಟೇ ಸಾಕು.

ಈಗ ಇದೇ ಚಿತ್ರವನ್ನ ತಲೆಕೆಳಗು ಮಾಡಿ ನೋಡಿ. 1979ರಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡಿನ 'ಅನದರ್ ಬ್ರಿಕ್ ಇನ್ ದ ವಾಲ್' ಬಂತು. ಅಲ್ಲೂ ಮನುಷ್ಯನೇ ಇಟ್ಟಿಗೆ, ಜೊತೆಗೆ ಗೋಡೆ. ಆದ್ರೆ ಇದು ಹೊಗಳಿಕೆ ಅಲ್ಲ. ಶಾಲೆ ಮಕ್ಕಳನ್ನ ಒಂದೇ ಅಚ್ಚಿನಲ್ಲಿ ಹಾಕಿ ತೆಗೆಯುತ್ತೆ, ಗೋಡೆಗೆ ಇನ್ನೊಂದು ಇಟ್ಟಿಗೆ ಆಯ್ತು ಅಷ್ಟೇ, ಅನ್ನೋ ಸಿಟ್ಟು. ಮರುವರ್ಷ, 1980ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಶಿಕ್ಷಣವನ್ನ ವಿರೋಧಿಸಿ ತರಗತಿ ಬಹಿಷ್ಕಾರ ಮಾಡಿದ ವಿದ್ಯಾರ್ಥಿಗಳು ಈ ಹಾಡನ್ನ ತಮ್ಮದು ಮಾಡ್ಕೊಂಡ್ರು. ಸರ್ಕಾರ ಹಾಡನ್ನೇ ಬ್ಯಾನ್ ಮಾಡ್ತು.

ಸ್ಪಾರ್ಟಾ ರಾಜನಿಗೆ ಸಾಲಲ್ಲಿ ಸೇರಿಕೊಂಡವನು ಹೆಮ್ಮೆ. ಆ ವಿದ್ಯಾರ್ಥಿಗಳಿಗೆ ಸಾಲಲ್ಲಿ ಸೇರಿಸೋದೇ ಅನ್ಯಾಯ. ಇಟ್ಟಿಗೆ ಎರಡೂ ಕಡೆ ಒಂದೇ. ಗೋಡೆ ಯಾರದು ಅನ್ನೋದು ಬೇರೆ.

ಯೂಕೆಯಲ್ಲಿ ಮಾಸ್ಟರ್ಸ್ ಮಾಡೋ ಪ್ಲಾನ್ ಇದ್ದವರು 'ರೆಡ್‌ಬ್ರಿಕ್ ಯೂನಿವರ್ಸಿಟಿ' ಅನ್ನೋದನ್ನ ಕೇಳಿರ್ತೀರಿ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್, ಲಿವರ್‌ಪೂಲ್ ಥರದವು. ಈಗ ಅದನ್ನ ಹೆಮ್ಮೆಯಿಂದ ಹೇಳ್ಕೋತಾರೆ. ಈ ಹೆಸರು ಕೊಟ್ಟವರು ಲಿವರ್‌ಪೂಲ್‌ನಲ್ಲಿ ಸ್ಪ್ಯಾನಿಷ್ ಪ್ರೊಫೆಸರ್ ಆಗಿದ್ದ ಎಡ್ಗರ್ ಆಲಿಸನ್ ಪಿಯರ್ಸ್. 1943ರಲ್ಲಿ ಬ್ರೂಸ್ ಟ್ರಸ್ಕಾಟ್ ಅನ್ನೋ ಬೇನಾಮಿ ಹೆಸರಲ್ಲಿ ಪುಸ್ತಕ ಬರೆದ್ರು. ತಮ್ಮದೇ ಕ್ಯಾಂಪಸ್ಸಿನ, 1892ರಲ್ಲಿ ತೆರೆದ ಕೆಂಪು ಇಟ್ಟಿಗೆಯ ವಿಕ್ಟೋರಿಯಾ ಬಿಲ್ಡಿಂಗ್ ಅವರ ಕಣ್ಣ ಮುಂದಿತ್ತು. ಕಲ್ಲಿನ ಕಟ್ಟಡಗಳ ಆಕ್ಸ್‌ಫರ್ಡ್, ಕೇಂಬ್ರಿಜ್ ಎದುರು ಈ ಕೈಗಾರಿಕಾ ಊರುಗಳ ಕಾಲೇಜುಗಳನ್ನ ಎರಡನೇ ದರ್ಜೆ ಅಂತ ನೋಡ್ತಿದ್ದ ಕಾಲ ಅದು. ಒಂದು ಕಾಲಕ್ಕೆ ಮೂಗು ಮುರಿಯೋಕೆ ಇದ್ದ ಇಟ್ಟಿಗೆ ಈಗ ಬ್ರೋಷರ್‌ನಲ್ಲಿ ಮಿಂಚ್ತಾ ಇದೆ.

ದುಡ್ಡಿನ ಇಟ್ಟಿಗೆ, ಫೋನಿನ ಇಟ್ಟಿಗೆ

ದುಡ್ಡಿನ ಲೋಕದಲ್ಲೂ ಇಟ್ಟಿಗೆಗೆ ಜಾಗ ಇದೆ. 19ನೇ ಶತಮಾನದ ಕೊನೇ ಭಾಗದಲ್ಲಿ ಅಮೆರಿಕದ ಮೋಸಗಾರರು ಅಗ್ಗದ ಲೋಹದ ಗಟ್ಟಿಗೆ ಚಿನ್ನದ ಲೇಪ ಹೊಡೆದು 'ಚಿನ್ನದ ಇಟ್ಟಿಗೆ' ಅಂತ ಮಾರ್ತಿದ್ರು. ಅಲ್ಲಿಂದ 'ಗೋಲ್ಡ್ ಬ್ರಿಕ್' ಅಂದ್ರೆ ನಕಲಿ ಮಾಲು ಅಂತಾಯ್ತು. ಆಮೇಲೆ ಅಮೆರಿಕದ ಸೈನ್ಯದಲ್ಲಿ ಕೆಲಸಗಳ್ಳನಿಗೂ ಅದೇ ಹೆಸರು. ಹೊರಗೆ ಥಳಥಳ, ಒಳಗೆ ಏನೂ ಇಲ್ಲ. ನಮ್ಮಲ್ಲೂ ಹೊಲದಲ್ಲಿ ನಿಧಿ ಸಿಕ್ತು ಅಂತ ನಕಲಿ ಚಿನ್ನ ಮಾರೋರ ಸುದ್ದಿ ಪೇಪರಲ್ಲಿ ಬರ್ತಾನೇ ಇರುತ್ತೆ, ಅವರ ಅಣ್ಣತಮ್ಮಂದಿರೇ ಇವರು.

2001ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಅರ್ಥಶಾಸ್ತ್ರಜ್ಞ ಜಿಮ್ ಓನೀಲ್, ಬ್ರೆಜಿಲ್, ರಷ್ಯಾ, ಇಂಡಿಯಾ, ಚೀನಾ ಈ ನಾಲ್ಕರ ಮೊದಲ ಅಕ್ಷರ ಸೇರಿಸಿ 'ಬ್ರಿಕ್' ಅಂದ್ರು. ಇಟ್ಟಿಗೆಯ ಶ್ಲೇಷೆ ಬೇಕಂತಲೇ ಮಾಡಿದ್ದು, ಜಗತ್ತಿನ ಆರ್ಥಿಕತೆ ಕಟ್ಟೋ ಇಟ್ಟಿಗೆಗಳು ಅಂತ. ಒಂದು ಬ್ಯಾಂಕಿನ ವರದಿಯ ಪನ್ 2009ಕ್ಕೆ ಶೃಂಗಸಭೆ ಆಯ್ತು. ಆಮೇಲೆ ದಕ್ಷಿಣ ಆಫ್ರಿಕಾ ಸೇರಿ 'ಬ್ರಿಕ್ಸ್' ಆಯ್ತು. ಅದರ ನಡುವಿನ 'ಐ' ನಾವೇ.

ಫೋನಿಗೆ ಬರೋಣ. 1983ರಲ್ಲಿ ಮೋಟೊರೋಲಾದ ಡೈನಾಟ್ಯಾಕ್ ಮಾರುಕಟ್ಟೆಗೆ ಬಂತು. ಬೆಲೆ 3,995 ಡಾಲರ್, ತೂಕ ಮುಕ್ಕಾಲು ಕೆ.ಜಿ.ಗಿಂತ ಹೆಚ್ಚು, ಹತ್ತು ಗಂಟೆ ಚಾರ್ಜ್ ಮಾಡಿದ್ರೆ ಅರ್ಧ ಗಂಟೆ ಮಾತು. ಜನ ಅದನ್ನ 'ಬ್ರಿಕ್' ಅಂದ್ರು, ನೋಡೋಕೂ ಹಿಡಿಯೋಕೂ ಹಾಗೇ ಇತ್ತು. ಆಗ ಅದನ್ನ ಹಿಡ್ಕೊಂಡೋರು ಶ್ರೀಮಂತರು. 2000ದ ನಂತರ ಅರ್ಥ ಹೊರಳಿತು. ರೂಟರ್, ಫೋನುಗಳ ಸಾಫ್ಟ್‌ವೇರ್ ಬಿಚ್ಚಿ ಆಟ ಆಡೋರು, ಕೆಟ್ಟುಹೋದ ಸಾಧನವನ್ನ 'ಬ್ರಿಕ್ ಆಯ್ತು' ಅನ್ನೋಕೆ ಶುರುಮಾಡಿದ್ರು. 2007ರಲ್ಲಿ ಮೊದಲ ಐಫೋನಿನ ಒಂದು ಅಪ್‌ಡೇಟ್‌ನಿಂದ, ಅನ್‌ಲಾಕ್ ಮಾಡ್ಕೊಂಡಿದ್ದ ಎಷ್ಟೋ ಫೋನುಗಳು ಕೆಲಸ ನಿಲ್ಲಿಸಿದಾಗ 'ಐಬ್ರಿಕ್' ಅನ್ನೋ ಮಾತು ಪತ್ರಿಕೆಗಳಿಗೂ ಬಂತು. ನಾಮಪದ ಕ್ರಿಯಾಪದ ಆಯ್ತು. ಇಲ್ಲಿ ಇಟ್ಟಿಗೆ ಅಂದ್ರೆ ಬುದ್ಧಿ ಇಲ್ಲದ ಜಡ ತುಂಡು, ಅಷ್ಟೇ.

ಹುಲ್ಲಿಲ್ಲದೆ ಇಟ್ಟಿಗೆ

ಇಲ್ಲಿವರೆಗೆ ಬಂದದ್ದನ್ನ ನೋಡಿ. ಭಾರ ಬಂತು, ಗಟ್ಟಿತನ ಬಂತು, ಆಕಾರ, ಬೆಲೆ, ಜಡತೆ ಎಲ್ಲಾ ಬಂತು. ಮಾಡಿದವನು ಬರಲೇ ಇಲ್ಲ. ನನಗೆ ಸಿಕ್ಕ ನುಡಿಗಟ್ಟುಗಳಲ್ಲಿ ಒಂದೇ ಒಂದರಲ್ಲಿ ಅವನಿದ್ದಾನೆ: 'ಮೇಕಿಂಗ್ ಬ್ರಿಕ್ಸ್ ವಿದೌಟ್ ಸ್ಟ್ರಾ', ಹುಲ್ಲಿಲ್ಲದೆ ಇಟ್ಟಿಗೆ ಮಾಡೋದು.

ಇದು ಬೈಬಲ್ಲಿನ ವಿಮೋಚನಕಾಂಡದ್ದು. ಈಜಿಪ್ಟಿನಲ್ಲಿ ಇಸ್ರೇಲಿನ ಜನ ಗುಲಾಮರಾಗಿ ಇಟ್ಟಿಗೆ ಮಾಡ್ತಿದ್ರು. ಬಿಸಿಲಲ್ಲಿ ಒಣಗಿಸೋ ಹಸಿ ಇಟ್ಟಿಗೆ ಅದು, ಬಿರುಕು ಬಿಡಬಾರದು ಅಂತ ಮಣ್ಣಿಗೆ ಹುಲ್ಲು ಸೇರಿಸಬೇಕು. ನಮ್ಮನ್ನ ಬಿಡಿ, ದೇವರ ಹಬ್ಬಕ್ಕೆ ಹೋಗಬೇಕು ಅಂತ ಮೋಶೆ ಕೇಳಿದ. ಕೆಲಸ ಕಮ್ಮಿಯಾಗಿದೆ, ಅದಕ್ಕೇ ಈ ಮಾತು ಬರ್ತಿದೆ ಅಂತ ಫರೋಹ ಸಿಟ್ಟಾದ. ಇನ್ಮೇಲೆ ಹುಲ್ಲು ಕೊಡಬೇಡಿ, ಅವರೇ ಹುಡುಕ್ಕೊಂಡು ತರಲಿ, ಆದ್ರೆ ದಿನದ ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಮ್ಮಿ ಆಗಬಾರದು ಅಂದ. ಲೆಕ್ಕ ತಪ್ಪಿದಾಗ ಏಟು ತಿಂದವರು ಮೇಸ್ತ್ರಿಗಳು, ಅವರೂ ಇಸ್ರೇಲಿನವರೇ.

ಹಾಗೆ ನೋಡಿದ್ರೆ ನುಡಿಗಟ್ಟು ಸ್ವಲ್ಪ ತಪ್ಪೇ. ಅವರು ಹುಲ್ಲಿಲ್ಲದೆ ಮಾಡಲಿಲ್ಲ, ಹೊಲಹೊಲ ಅಲೆದು ಕೂಳೆ ಆರಿಸಿ ತಂದು ಮಾಡಿದ್ರು. ಕಳ್ಳತನ ಆದದ್ದು ಅವರ ಸಮಯ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಈ ಲೆಕ್ಕಕ್ಕೆ 'ಟೇಲ್' ಅನ್ನೋ ಪದ ಇದೆ. ಈಗ ಟೇಲ್ ಅಂದ್ರೆ ಕತೆ, ಆಗ ಎಣಿಕೆ ಅಂತಲೂ ಅರ್ಥ. ಬ್ಯಾಂಕಿನ 'ಟೆಲ್ಲರ್' ಇದ್ದಾರಲ್ಲ, ಅವರೂ ಅದೇ ಮನೆಯವರು, ಹೇಳೋರಲ್ಲ, ಎಣಿಸೋರು. ಬ್ಯಾಂಕ್ ಪರೀಕ್ಷೆಗೆ ಓದ್ತಿರೋವಾಗ ಇದು ಗೊತ್ತಾಗಿದ್ರೆ ಸ್ವಲ್ಪ ಮಜಾ ಇರ್ತಿತ್ತು.

ಈಗ ನಾವು ಈ ಮಾತನ್ನ ಆಫೀಸಲ್ಲಿ ಬಳಸ್ತೀವಿ. ಬಜೆಟ್ ಕಟ್, ಟೀಮ್ ಕಟ್, ಡೆಡ್‌ಲೈನ್ ಮಾತ್ರ ಅದೇ. ಆದ್ರೆ ಇಟ್ಟಿಗೆ ಮಾಡೋರಿಗೆ ಇದು ಬರೀ ಮಾತಾಗಿ ಉಳಿಯಲೇ ಇಲ್ಲ.

19ನೇ ಶತಮಾನದ ಇಂಗ್ಲೆಂಡಿನಲ್ಲಿ ಇಟ್ಟಿಗೆ ಅಚ್ಚು ಹಾಕೋ ಮೇಜಿಗೆ 'ಸ್ಟೂಲ್' ಅಂತಿದ್ರು, ಅದರ ಸುತ್ತ ಕೆಲಸ ಮಾಡೋ ಗುಂಪಿಗೂ ಅದೇ ಹೆಸರು. ಮಾಲೀಕ ಸಾವಿರಕ್ಕೆ ಇಷ್ಟು ಅಂತ ಅಚ್ಚು ಹಾಕೋನಿಗೆ ಕೊಡ್ತಿದ್ದ. ಮಿಕ್ಕವರಿಗೆ ಕೊಡೋದು ಅವನ ಪಾಡು. ಕಮ್ಮಿ ಕೂಲಿಗೆ ಯಾರು ಸಿಗ್ತಾರೆ? ಎಷ್ಟೋ ಕಡೆ ಅವನದೇ ಮಕ್ಕಳು. ಸಾವಿರದ ಲೆಕ್ಕ ಮುಟ್ಟೋಕೆ ಇಡೀ ಮನೆ ಮಣ್ಣಿಗಿಳೀತಿತ್ತು.

ಹಾಗೆ ಮಣ್ಣಿಗಿಳಿದ ಮಕ್ಕಳಲ್ಲಿ ಒಬ್ಬ ಸ್ಟಾಫರ್ಡ್‌ಶೈರ್‌ನ ಜಾರ್ಜ್ ಸ್ಮಿತ್. 1831ರಲ್ಲಿ ಹುಟ್ಟಿದವನು, ಚಿಕ್ಕ ಹುಡುಗನಾಗಿದ್ದಾಗಲೇ ತಲೆ ಮೇಲೆ ಮಣ್ಣಿನ ಮುದ್ದೆ ಹೊತ್ತವನು. ದೊಡ್ಡವನಾಗಿ ಕೋಲ್‌ವಿಲ್ ಊರಲ್ಲಿ ಇಟ್ಟಿಗೆ ಹೆಂಚಿನ ಕಾರ್ಖಾನೆಗೆ ಮ್ಯಾನೇಜರ್ ಆದ. ಅಲ್ಲಿಗೆ ಸುಮ್ಮನಿರಬಹುದಿತ್ತು. 1870ರಲ್ಲಿ ನ್ಯೂಕಾಸಲ್‌ನಲ್ಲಿ ನಡೆದ ಒಂದು ಸಮಾವೇಶಕ್ಕೆ ಆತ ಭಾಷಣದ ಜೊತೆ ಒಂದು ಮಣ್ಣಿನ ಮುದ್ದೆಯನ್ನೂ ಹೊತ್ಕೊಂಡು ಹೋದ. ಸುಮಾರು 20 ಕೆ.ಜಿ. ತೂಕದ್ದು. ಒಂಬತ್ತು ವರ್ಷದ ಮಗುವಿನ ತಲೆ ಮೇಲಿಂದ ಇಳಿಸಿ ತಂದಿದ್ದು ಅಂತ ಎಲ್ಲರ ಮುಂದೆ ಇಟ್ಟ. ಮರುವರ್ಷ ಇಟ್ಟಿಗೆ ಅಂಗಳದ ಮಕ್ಕಳ ಬಗ್ಗೆ ಪುಸ್ತಕ ತಂದ. ಅದೇ 1871ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡ್ತು: 10 ವರ್ಷದ ಒಳಗಿನ ಹುಡುಗರು, 16ರ ಒಳಗಿನ ಹುಡುಗಿಯರು ಇಟ್ಟಿಗೆ ಅಂಗಳದಲ್ಲಿ ಕೆಲಸ ಮಾಡೋ ಹಾಗಿಲ್ಲ. ಸ್ಮಿತ್ ಕೆಲಸ ಕಳ್ಕೊಂಡ, ಬಡತನಕ್ಕೆ ಬಿದ್ದ. 'ಯು ಆರ್ ಎ ಬ್ರಿಕ್' ಅನ್ನೋ ಹೊಗಳಿಕೆ ಇಂಗ್ಲೆಂಡಲ್ಲಿ ಚಾಲ್ತಿಯಲ್ಲಿದ್ದ ಕಾಲವೇ ಇದು. ನನ್ನ ಪ್ರಕಾರ ಅದು ಯಾರಿಗಾದ್ರೂ ಒಪ್ಪೋದಾದ್ರೆ ಈ ಮನುಷ್ಯನಿಗೆ.

ಇದು ಬೇರೆ ದೇಶದ ಹಳೇ ಕತೆ ಅನ್ನಿಸಿದ್ರೆ ಕರ್ನಾಟಕದ ಯಾವುದಾದ್ರೂ ಇಟ್ಟಿಗೆ ಭಟ್ಟಿ ನೋಡಿ. ಒಡಿಶಾದ ಬಲಂಗೀರ್ ಕಡೆಯಿಂದ ಆಂಧ್ರ, ತೆಲಂಗಾಣ, ಕರ್ನಾಟಕದ ಭಟ್ಟಿಗಳಿಗೆ ಕುಟುಂಬಗಳು ಬರ್ತವೆ. ನಮ್ಮದೇ ಕಲ್ಯಾಣ ಕರ್ನಾಟಕದ ಜನ ಬೇರೆ ಕಡೆಯ ಭಟ್ಟಿಗಳಿಗೆ ಹೋಗ್ತಾರೆ. ಸುಗ್ಗಿ ಮುಗಿದ ಮೇಲೆ ಏಜೆಂಟ್ ಬಂದು ಮುಂಗಡ ಕೊಡ್ತಾನೆ. ಆ ದುಡ್ಡು ಸಾಲ ತೀರಿಸೋಕೋ, ಮದುವೆಗೋ, ಆಸ್ಪತ್ರೆಗೋ ಖರ್ಚಾಗುತ್ತೆ. ಆಮೇಲೆ ಗಂಡ ಮಣ್ಣು ಕಲಸ್ತಾನೆ, ಹೆಂಡತಿ ಅಚ್ಚು ಹಾಕ್ತಾಳೆ, ಮಕ್ಕಳು ಹಸಿ ಇಟ್ಟಿಗೆ ಮಗುಚಿ ಒಣಗಿಸ್ತವೆ. ಕೂಲಿ ಸಾವಿರದ ಲೆಕ್ಕ. ಬುಕ್ಕು ಬರೆಯೋನು ಬೇರೆ. ಮಳೆ ಬಂದು ಹಸಿ ಇಟ್ಟಿಗೆ ಕರಗಿದ್ರೆ ಎಣಿಕೆಗೆ ಬರುತ್ತಾ ಇಲ್ವಾ ಅನ್ನೋದು ಅವನ ಕೈಯಲ್ಲಿ. ಮುಂಗಡ ತೀರೋವರೆಗೂ ಬಿಟ್ಟು ಹೋಗೋ ಹಾಗಿಲ್ಲ ಅಂದ್ರೆ ಅದಕ್ಕೆ ಕಾನೂನಿನ ಹೆಸರು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಅದು ಅಪರಾಧ. ಆದ್ರೂ ಭಟ್ಟಿಗಳಿಂದ ಅಧಿಕಾರಿಗಳು ಕುಟುಂಬಗಳನ್ನ ಬಿಡಿಸಿದ ಸುದ್ದಿ ನಮ್ಮ ಪೇಪರುಗಳಲ್ಲಿ ಬರೋದು ನಿಂತಿಲ್ಲ.

ಫೋನಿನ ಕತೆ ಮುಗಿಸ್ಬಿಡ್ತೀನಿ. ಅದು ಬದುಕಲಿಲ್ಲ, ಹೊಸದು ತಗೊಂಡೆ. ಇಎಂಐ ನಡೀತಿದೆ. ಅದನ್ನ ತರೋ ದಿನ ಎದುರಿನ ಕಟ್ಟಡದ ಮುಂದೆ ಇಳಿಸಿದ್ದ ಲೋಡಿನಿಂದ ಒಂದು ಇಟ್ಟಿಗೆ ಕೈಗೆ ತಗೊಂಡು ನೋಡಿದೆ. ನಡುವಿನ ತಗ್ಗಿನಲ್ಲಿ ಮೂರು ಇಂಗ್ಲಿಷ್ ಅಕ್ಷರ ಒತ್ತಿದ್ರು. ಇದೇನು ಅಂತ ಅಲ್ಲಿದ್ದ ಮೇಸ್ತ್ರಿನ ಕೇಳಿದೆ. "ಭಟ್ಟಿ ಓನರ್ ಹೆಸ್ರು ಸರ್," ಅಂದ್ರು. ಮಗುಚಿ ಆ ಕಡೆ ನೋಡಿದೆ. ಅಂಚಿನಲ್ಲಿ, ಹಸಿ ಇದ್ದಾಗ ಯಾರೋ ಹಿಡಿದೆತ್ತಿದ ಬೆರಳ ಗುರುತು ಹಾಗೇ ಸುಟ್ಟು ಗಟ್ಟಿಯಾಗಿತ್ತು. ನನ್ನ ಬೆರಳು ಇಟ್ಟು ನೋಡಿದೆ. ಆ ಗುರುತು ನನ್ನ ಬೆರಳಿಗಿಂತ ತುಂಬಾ ಚಿಕ್ಕದಿತ್ತು.

ನಿಮ್ಮ ಮನೆ ಹತ್ತಿರ ಕಟ್ಟಡ ಏಳ್ತಾ ಇದ್ರೆ ಒಂದು ಇಟ್ಟಿಗೆ ಮಗುಚಿ ನೋಡಿ, ಏನು ಕಂಡ್ತು ಅಂತ ನನಗೆ ಮೆಸೇಜ್ ಹಾಕಿ.